ಹಸಿರು ಪ್ಲಸ್ಸಿನ ಹಿಂದೆ

ಬೋರ್ಡು ಮೇಲೇರಿದ ದಿನ ರಸಿಕಾಳ ಮೇಜಿನ ಮೇಲಿನ ಹಗಲು ಬೆಳಿಗ್ಗೆ ಹನ್ನೊಂದಕ್ಕೇ ಮುಗಿದುಹೋಯಿತು. ಹೊರಗೆ ಹಗ್ಗ ಎಳೆಯುವವರ ಕೂಗು, ಕಬ್ಬಿಣದ ಚೌಕಟ್ಟು ಗೋಡೆಗೆ ತಾಗಿದ ಸದ್ದು, ಆಮೇಲೆ ಕಿಟಕಿಯ ತುಂಬ ತಗಡಿನ ಬೆನ್ನೊಂದು ಬಂದು ನಿಂತಿತು. ಹದಿನಾರು ಅಡಿ ಉದ್ದ, ಐದು ಅಡಿ ಎತ್ತರದ ಪೆಟ್ಟಿಗೆ. ಒಳಗೆ ದೀಪ, ಮುಂದೆ ಅಕ್ಷರ. ಮುಖ ರಸ್ತೆಗೆ, ಬೆನ್ನು ಅವಳಿಗೆ. ಅವಳು ಎದ್ದು ಟ್ಯೂಬ್‌ಲೈಟು ಹಾಕಿ ಬಂದು, ಏನೂ ಆಗಿಲ್ಲವೆಂಬಂತೆ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತಳು. ಎದುರಿನ ಕೋಣೆಯಲ್ಲಿ ಮಲಗಿದ್ದ ಅತ್ತೆ ಇಂದಿರಾಬಾಯಿ, ಮೋಡ ಕವಿದದೇನು ಎಂದು ಕೇಳಿದರು. ಇಲ್ಲ ಆಯಿ, ಬೋರ್ಡು ಹಚ್ಚಿದರು ಎಂದಳು.

ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ಮುಖ ಮಾಡಿರುವ ಆ ಮನೆಗೆ ಎರಡು ಅಂತಸ್ತು. ಕೆಳಗೆ ಅಂಗಡಿ, ಮೇಲೆ ವಾಸ. ಮಾವ ಪ್ರಹ್ಲಾದರಾಯರು ತಾಲೂಕು ಕಚೇರಿಯಲ್ಲಿ ಹೆಡ್‌ಕ್ಲಾರ್ಕರಾಗಿ ನಿವೃತ್ತರಾದವರು. ಮನೆಯಲ್ಲಿ ಎಲ್ಲರಿಗೂ ಅವರು ಬಾಬಾ. ಯಾರ ಮೇಲೂ ದನಿ ಎತ್ತಿದವರಲ್ಲ, ಆಡಿದ ಮಾತು ಹಿಂದೆ ತೆಗೆದುಕೊಂಡವರೂ ಅಲ್ಲ. ಕೆಳಗಿನ ಅಂಗಡಿಯನ್ನು ಮುಧೋಳದ ಶಿವಾಜಿ ಹಿಡಿದು ದಿನದ ಇಪ್ಪತ್ನಾಲ್ಕು ತಾಸೂ ತೆರೆದಿರುವ ಔಷಧಿ ಅಂಗಡಿ ಹಾಕಿದ. ಮೇಲಿನ ಗೋಡೆಗೆ ಬೋರ್ಡು ಹಚ್ಚಬಹುದೇ ಎಂದು ಅವನು ಚಹಾ ಕುಡಿಯುತ್ತ ಕೇಳಿದ. ಅದಕ್ಕೇನು, ಹಚ್ಚರಿ ಎಂದು ಬಾಬಾ ಹೇಳಿದರು. ಗೋಡೆಯಲ್ಲಿ ಒಂದು ಕಿಟಕಿ ಇದೆಯೆಂಬುದು ಆ ಹೊತ್ತಿನಲ್ಲಿ ಯಾರ ನೆನಪಿಗೂ ಬರಲಿಲ್ಲ. ಚಹಾದ ತಟ್ಟೆ ಹಿಡಿದು ನಿಂತಿದ್ದ ರಸಿಕಾಳಿಗೆ ಬಂತು. ಅವಳು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಕಿಟಕಿ ಅವಳ ಕೆಲಸ. ಧಾರವಾಡದಲ್ಲಿ ಚಿತ್ರಕಲೆ ಓದಿ ಬಂದವಳು ಒಂಬತ್ತು ವರ್ಷದಿಂದ ಬನಹಟ್ಟಿಯ ಹೊಳಬಸಪ್ಪನಿಗೆ ಅಕ್ಷರ ಜೋಡಿಸಿಕೊಡುತ್ತಿದ್ದಳು. ಹೊಳಬಸಪ್ಪ ಮೊದಲು ಸೀರೆಯ ಪೆಟ್ಟಿಗೆಗಳ ಮೇಲೆ ಮಗ್ಗದವರ ಹೆಸರು ಬರೆಯುತ್ತಿದ್ದವನು, ಈಗ ಒಳಗೆ ದೀಪ ಉರಿಯುವ ಬೋರ್ಡುಗಳನ್ನು ಮಾಡುತ್ತಾನೆ. ರಬಕವಿಯಿಂದ ಬೀಳಗಿಯವರೆಗೆ ಅವನ ಬೋರ್ಡು ಇಲ್ಲದ ಪೇಟೆ ಇಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಅಕ್ಷರಗಳು ರಸಿಕಾಳವು. ಎರಡು ವರ್ಷದ ಹಿಂದೆ ಇಂದಿರಾಬಾಯಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡ ಮೇಲೆ ರಸಿಕಾ ಮನೆ ಬಿಟ್ಟು ಒಂದು ತಾಸಿಗಿಂತ ಹೆಚ್ಚು ಹೊರಗಿರುವಂತಿಲ್ಲ. ಹಾಗಾಗಿ ಬನಹಟ್ಟಿಗೆ ಹೋಗುವುದು ನಿಂತಿತು. ಬಣ್ಣದ ಹಾಳೆಗಳ ತುಣುಕು ಅಂಟಿಸಿದ ಕಾರ್ಡುಗಳು ಮನೆಗೇ ಬರತೊಡಗಿದವು. ಟ್ಯೂಬ್‌ಲೈಟಿನಲ್ಲಿ ಕೆಂಪಾಗಿ ಕಾಣುವುದು ಬಿಸಿಲಿನಲ್ಲಿ ಇಟ್ಟಂಗಿಯ ಬಣ್ಣ. ನೀಲಿ ಎಂದುಕೊಂಡದ್ದು ಹಿಂದಿನಿಂದ ದೀಪ ಬಿದ್ದಾಗ ಬೂದಿ. ಅದಕ್ಕೇ ಅವಳು ಪ್ರತಿ ಕಾರ್ಡನ್ನೂ ಮೊದಲು ಕಿಟಕಿಯ ಬಿಸಿಲಿಗೆ ಹಿಡಿಯುತ್ತಿದ್ದಳು, ಸಂಜೆ ಅದರ ಹಿಂದೆ ಮೊಬೈಲಿನ ದೀಪ ಹಿಡಿಯುತ್ತಿದ್ದಳು. ಹಗಲು ಮೇಲೆ ಬೀಳುವ ಬೆಳಕಿನಲ್ಲೂ ರಾತ್ರಿ ಹಿಂದಿನಿಂದ ಬರುವ ಬೆಳಕಿನಲ್ಲೂ ಒಂದೇ ಹೆಸರು ಒಂದೇ ರೀತಿ ಓದಿಸಿಕೊಳ್ಳಬೇಕು. ಸಂಜೆಯ ಪರೀಕ್ಷೆಗೆ ಮೊಬೈಲು ಸಾಕು. ಹಗಲಿನದಕ್ಕೆ ಕಿಟಕಿಯೇ ಬೇಕು. ಅಡುಗೆಮನೆಗೂ ಒಂದು ಕಿಟಕಿ ಇತ್ತು, ಆದರೆ ಅದರ ಆಚೆ ಎರಡೇ ಅಡಿಗೆ ಪಕ್ಕದ ಮನೆಯ ಗೋಡೆ.

ಆದರೆ ಆ ಬೋರ್ಡಿನ ವಿಷಯದಲ್ಲಿ ರಸಿಕಾ ಒಂದು ತಪ್ಪು ಮಾಡಿದ್ದಳು. ಯಾರಿಗೂ ಹೇಳದ ತಪ್ಪು.

ಶಿವಾಜಿ ತನ್ನ ಬೋರ್ಡು ಹೇಗಿರಬೇಕೆಂದು ಫೋನಿನಲ್ಲಿ ತಾನೇ ಮಾಡಿಕೊಂಡು ಹೊಳಬಸಪ್ಪನಿಗೆ ಕೊಟ್ಟಿದ್ದ, ಅವನು ಅದನ್ನು ರಸಿಕಾಳಿಗೆ ಕಳಿಸಿದ್ದ. ಅಚ್ಚಬಿಳಿ ಹಿನ್ನೆಲೆ. ಅದರ ಮೇಲೆ ತಲೆ ಹಳದಿ, ಕಾಲು ಕೆಂಪಾದ ತೆಳ್ಳಗಿನ ಅಕ್ಷರಗಳಲ್ಲಿ ‘ಕೃಷ್ಣಾತೀರ ಮೆಡಿಕಲ್ಸ್’. ಪ್ರತಿ ಅಕ್ಷರಕ್ಕೂ ಒಂದು ನೆರಳು. ಬೇರೆ ಯಾವ ಗಿರಾಕಿಯದಾಗಿದ್ದರೂ ಅವಳು ಕೂಡಲೇ ಹೊಳಬಸಪ್ಪನಿಗೆ ಫೋನು ಮಾಡಿ, ಇದು ಬಿಸಿಲಿಗೂ ಕಾಣುವುದಿಲ್ಲ ಕತ್ತಲಿಗೂ ಕಾಣುವುದಿಲ್ಲ ಎಂದು ಹೇಳುತ್ತಿದ್ದಳು. ಈ ಸಲ ಹೇಳಲಿಲ್ಲ. ಅಳತೆಗೆ ತಕ್ಕಂತೆ ಹಿಗ್ಗಿಸಿ, ಕಳಿಸಿದ್ದನ್ನು ಕಳಿಸಿದ ಹಾಗೆಯೇ ತಿರುಗಿ ಕಳಿಸಿದಳು. ಹೊಳಬಸಪ್ಪನೇ ಫೋನು ಮಾಡಿ, “ಅಕ್ಕಾರ, ಇದನ್ನ ಹಿಂಗ ಬಿಡೂದೇನ್ರಿ?” ಎಂದು ಕೇಳಿದ.

“ಗಿರಾಕಿ ಹಂಗೇ ಬೇಕಂದಾರ” ಎಂದಳು.

ಅದು ಸುಳ್ಳಲ್ಲ. ರಸಿಕಾ ಸುಳ್ಳು ಆಡುವವಳಲ್ಲ. ಬಾಯಿಂದ ಹೊರಬೀಳುವ ಪ್ರತಿ ಮಾತನ್ನೂ ಎರಡು ಸಲ ತೂಗಿ ಆಡುವವಳು. ಆದರೆ ಯಾರಿಗೂ ಓದಲು ಬಾರದ ಬೋರ್ಡು ಒಂದು ತಿಂಗಳಲ್ಲಿ ತಾನಾಗಿಯೇ ಕೆಳಗಿಳಿಯುತ್ತದೆ, ಕಿಟಕಿ ತನಗೆ ತಿರುಗಿ ಸಿಗುತ್ತದೆ ಎಂಬ ಲೆಕ್ಕ ಆ ಮಾತಿನ ಹಿಂದೆ ಇತ್ತು. ಅದನ್ನು ಅವಳು ತನಗೆ ತಾನೇ ಸಹ ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ.

ಓದಲು ಬಾರದೆಂಬ ಮಟ್ಟಿಗೆ ಅವಳ ಲೆಕ್ಕ ಸರಿಯಾಯಿತು. ಮನೆಯ ಮುಖ ದಕ್ಷಿಣಕ್ಕೆ. ಸಂಕ್ರಾಂತಿ ಕಳೆದ ಬಿಸಿಲು ಇಡೀ ದಿನ ಬೋರ್ಡಿನ ಮೇಲೆ ಬಿದ್ದು ಅದರ ನುಣುಪು ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಕ್ಷರಗಳ ಹಳದಿ ತಲೆಗಳು ಅದರಲ್ಲಿ ಕರಗಿಹೋಗಿ ಕೆಂಪು ಕಾಲುಗಳು ಮಾತ್ರ ಸಾಲಾಗಿ ಉಳಿಯುತ್ತಿದ್ದವು. ಸಂಜೆ ದೀಪ ಹತ್ತಿದ ಮೇಲೆ ಇನ್ನೊಂದು ಪಾಡು. ಬಿಳಿಯೆಲ್ಲ ಉರಿದು ಅಕ್ಷರಗಳನ್ನು ನಾಲ್ಕೂ ಕಡೆಯಿಂದ ಕಚ್ಚುತ್ತಿತ್ತು. ಕನ್ನಡದ ಅಕ್ಷರ ದುಂಡಗಿನದು, ಹೊಟ್ಟೆಯೊಳಗೆ ಜಾಗ ಇಟ್ಟುಕೊಂಡದ್ದು. ಆ ಜಾಗದಲ್ಲಿ ಬೆಳಕು ತುಂಬಿಕೊಂಡರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಬಸ್‌ಸ್ಟ್ಯಾಂಡಿನ ಸರ್ಕಲ್ಲಿನಿಂದ ನೋಡಿದರೆ ಒಂದು ದೊಡ್ಡ ಬಿಳಿ ಹೊದಿಕೆ ಒಣಹಾಕಿದಂತೆ ಕಾಣುತ್ತಿತ್ತು ಎಂದು ಗಂಡ ಕೌಸ್ತುಭ ಬಂದು ಹೇಳಿದ. ಅವನು ಬನಹಟ್ಟಿಯ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ, ದಿನಾ ಸಂಜೆ ಅದೇ ಸರ್ಕಲ್ಲಿನಲ್ಲಿ ಇಳಿಯುತ್ತಾನೆ. ಬೋರ್ಡಿಗೆ ಮಂದಿ ಬರಲಿಲ್ಲ, ಕಬ್ಬಿನ ಗದ್ದೆಗಳ ಹುಳವೆಲ್ಲ ಬಂತು. ಬೆಳಿಗ್ಗೆ ಶಿವಾಜಿ ಅಂಗಡಿಯ ಮೆಟ್ಟಿಲಿನಿಂದ ಅವನ್ನು ಗುಡಿಸಿ ಬುಟ್ಟಿಗೆ ತುಂಬುತ್ತಿದ್ದ.

ರಸಿಕಾ ಕತ್ತಲ ಕೋಣೆಯಲ್ಲಿ ಕುಳಿತು ಕಾಯುತ್ತಿದ್ದಳು. ಕಣ್ಣಿಗೆ ಏನೂ ಕಾಣದಾದ ಮೇಲೆ ಅವಳ ಕಿವಿ ಚುರುಕಾಗಿತ್ತು. ತಗಡಿನ ಆಚೆಯಿಂದ ಬರುವ ಪ್ರತಿ ಸದ್ದನ್ನೂ ಗುರುತಿಸುತ್ತಿದ್ದಳು: ಹಾಡು ಹಾಕಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರು, ಎದುರಿನ ಹೂವಿನ ಶಂಕ್ರೆವ್ವ ನೀರು ಚಿಮುಕಿಸುವುದು, ಅಂಗಡಿಯ ಕಾಲುಮಣೆ ಎಳೆಯುವುದು.

ಫೆಬ್ರುವರಿಯ ಒಂದು ಸಂಜೆ, ಎಂಟು ಹೊಡೆದಿರಬೇಕು, ಕೆಳಗೆ ಒಂದು ಆಟೋ ನಿಂತಿತು. ಅದೇ ಆಟೋ ಎರಡು ಸಲ ಅತ್ತಿಂದಿತ್ತ ಹೋದದ್ದನ್ನು ಅದರ ಸೈಲೆನ್ಸರಿನ ದನಿಯಿಂದ ಅವಳು ಗುರುತಿಸಿದ್ದಳು. ಅದರಿಂದ ಇಳಿದ ಹೆಂಗಸು ಶಿವಾಜಿಯ ಮೇಲೆ ಹರಿಹಾಯ್ದಳು. ಗಲಗಲಿಯಿಂದ ಬಂದವಳಂತೆ, ಮನೀಷಾ ಎಂದು ಹೆಸರು. ಮಗುವಿಗೆ ಉಬ್ಬಸ ಹೆಚ್ಚಾಗಿ ಪಂಪಿನ ಔಷಧಿ ತೀರಿತ್ತು. ಮುಧೋಳ ರಸ್ತೆಯಲ್ಲಿ ಇಪ್ಪತ್ನಾಲ್ಕು ತಾಸಿನ ಅಂಗಡಿ ಇದೆಯೆಂದು ಡಾಕ್ಟರರೇ ಹೇಳಿ ಕಳಿಸಿದ್ದರು.

“ಇಷ್ಟ ದೊಡ್ಡ ದೀಪಾ ಹಚ್ಚೀರಿ, ಹೆಸರ ಎಲ್ಲಿ ಬರದೀರಿ?” ಎಂದು ಅವಳು ಕೇಳಿದ್ದು ತಗಡನ್ನು ದಾಟಿ ಮೇಲಿನವರೆಗೂ ಬಂತು. “ಎರಡ ಸಲ ಮುಂದ ಹೋಗಿ ಬಂದೇವ್ರಿ. ಕೂಸು ನೋಡ್ರಿ ಹೆಂಗ ಎಳ್ಯಾಕತ್ತೈತಿ.”

ರಸಿಕಾ ಎದ್ದು ಮೆಟ್ಟಿಲ ಅರ್ಧದವರೆಗೆ ಇಳಿದಳು. ಅಲ್ಲಿಂದ ಅಂಗಡಿಯ ಒಳಗು ಕಾಣುತ್ತದೆ. ನಾಲ್ಕು ವರ್ಷದ ಹುಡುಗಿ ಬೆಂಚಿನ ಮೇಲೆ ಕುಳಿತು ಎರಡೂ ಭುಜ ಏರಿಸಿ ಇಳಿಸಿ ಉಸಿರೆಳೆಯುತ್ತಿತ್ತು. ಶಿವಾಜಿ ಪೆಟ್ಟಿಗೆ ಹರಿದು ಪಂಪು ತೆಗೆದುಕೊಟ್ಟ. ತಾಯಿ ಎರಡು ಸಲ ಒತ್ತಿದಳು. ಸ್ವಲ್ಪ ಹೊತ್ತಿಗೆ ಮಗುವಿನ ಭುಜಗಳು ಇಳಿದವು, ಅದು ಅಂಗಡಿಯ ಚಾಕಲೇಟು ಡಬ್ಬಿಯ ಕಡೆ ನೋಡತೊಡಗಿತು. ಏನೂ ಆಗಲಿಲ್ಲ. ಆದರೆ ಮೆಟ್ಟಿಲ ಮೇಲೆ ನಿಂತ ರಸಿಕಾ ಆ ಎರಡು ಸಲದ ಲೆಕ್ಕ ಹಾಕುತ್ತಿದ್ದಳು. ಆಟೋ ಮೊದಲ ಸಲ ಹೋದಾಗ ತಾನು ಅತ್ತೆಯ ಗಂಜಿಗೆ ತುಪ್ಪ ಹಾಕುತ್ತಿದ್ದೆ. ಎರಡನೆಯ ಸಲ ಹೋದಾಗ, ಬೋರ್ಡು ಕಾಣದೆ ಯಾರೋ ಹುಡುಕುತ್ತಿದ್ದಾರೆ ಎಂದು ತಿಳಿಯಿತು. ತಿಳಿದು ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನವನ್ನು ಹೊತ್ತುಕೊಂಡೇ ಅವಳು ಮೆಟ್ಟಿಲು ಹತ್ತಿ ಮೇಲೆ ಹೋದಳು.

ಮರುದಿನ ಶಿವಾಜಿ ಮೇಲೆ ಬಂದ. ಬೋರ್ಡು ತೆಗೆಯಲು ಬಂದಿದ್ದಾನೆ ಎಂದು ಅವಳು ಚಹಾಕ್ಕೆ ನೀರಿಡುತ್ತ ಅಂದುಕೊಂಡಳು. ಅವನು ಬಂದದ್ದು ಇನ್ನೂ ದೊಡ್ಡದು ಮಾಡಿಸಲು. ಮೇಲಿನ ಬಯಲು ಮಾಳಿಗೆಯ ಅಂಚಿನವರೆಗೆ ಏರಿಸಿ, ಅಡ್ಡಕ್ಕೂ ಎರಡಡಿ ಹೆಚ್ಚಿಸಿ, ದೀಪ ದುಪ್ಪಟ್ಟು ಹಾಕಿಸಿದರೆ ಕಂಡೇ ಕಾಣುತ್ತದೆ ಎಂದು ಅವನ ವಾದ. ಬಾಬಾ ತಲೆದೂಗಿದರು. ಬೇರೆ ಊರಿನವರನ್ನು ಯಾಕೆ ಕೇಳಬೇಕು, ನಮ್ಮ ಮನೆಯಲ್ಲೇ ಬಲ್ಲವರಿದ್ದಾರೆ, ನಮ್ಮ ರಸಿಕಾ ನೋಡುತ್ತಾಳೆ ಎಂದರು. ಅವರ ದನಿಯಲ್ಲಿ ಸೊಸೆಯ ಬಗ್ಗೆ ನಿಜವಾದ ಹೆಮ್ಮೆ ಇತ್ತು. ರಸಿಕಾ ಬಾಗಿಲಲ್ಲಿ ನಿಂತು ಹೂಂ ಎಂದಳು. ಬೋರ್ಡು ಕೆಟ್ಟರೆ ಕಿಟಕಿ ಸಿಗುತ್ತದೆ ಎಂದುಕೊಂಡಿದ್ದಳು. ಕೆಟ್ಟಷ್ಟೂ ಅದು ಬೆಳೆಯುತ್ತದೆ ಎಂದು ಗೊತ್ತಿರಲಿಲ್ಲ.

ಆ ವಾರ ಅವಳು ಮೈಗಳ್ಳತನ ಮಾಡದೆ ಕೆಲಸ ಮಾಡಿದಳು. ಹಿನ್ನೆಲೆಯ ಬಿಳಿ ತೆಗೆದು, ಬೆಳಕು ಹಾಯದ ಕಡುಹಸಿರು ಹಾಕಿದಳು. ಬೆಳಕು ಅಕ್ಷರಕ್ಕೆ ಮಾತ್ರ, ಹಿನ್ನೆಲೆಗೆ ಬೇಡ. ಅಕ್ಷರ ಹಾಲುಬಿಳಿ, ಹಗಲು ಕಡುಹಸಿರಿನ ಮೇಲೆ ಸುಣ್ಣದಂತೆ ಎದ್ದು ಕಾಣಬೇಕು, ರಾತ್ರಿ ತಾನೇ ಉರಿಯಬೇಕು. ಮುಖ ನುಣುಪಾಗಿರಬಾರದು, ಬಿಸಿಲು ಅದರ ಮೇಲೆ ಜಾರದೆ ನಿಲ್ಲುವಂತೆ ಮಂಕಾಗಿರಬೇಕು. ಅಕ್ಷರಗಳ ಹೊಟ್ಟೆಯನ್ನು ಒಂದೊಂದಾಗಿ ಅಗಲಿಸಿದಳು. ‘ಷ್ಣಾ’ದ ಕೆಳಗಿನ ಒತ್ತನ್ನು ಇಡೀ ಒಂದು ಬೆರಳು ಕೆಳಗೆ ಸರಿಸಿದಳು, ಇಲ್ಲದಿದ್ದರೆ ಮೇಲಿನ ಬೆಳಕು ಕೆಳಗಿನದರ ಜೊತೆ ಕೂಡಿ ಮುದ್ದೆಯಾಗುತ್ತದೆ. ದೀಪ ದುಪ್ಪಟ್ಟು ಅಲ್ಲ, ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಬೇಕೆಂದು ಬರೆದಳು. ಬಣ್ಣ ನೋಡಲು ಕಿಟಕಿ ಇರಲಿಲ್ಲವಾದ್ದರಿಂದ ಕಾರ್ಡುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾಳಿಗೆ ಹತ್ತಿ, ಇಂದಿರಾಬಾಯಿ ಕರೆದರೆ ಕೇಳಿಸುವಂತೆ ಮೆಟ್ಟಿಲಿನ ಬಾಗಿಲು ತೆರೆದಿಟ್ಟು, ಐದೈದು ನಿಮಿಷ ಬಿಸಿಲಿಗೆ ಹಿಡಿದು ಓಡಿ ಇಳಿಯುತ್ತಿದ್ದಳು. ಎರಡು ಸಲ ಆಯಿ ಕರೆದದ್ದು ಕೇಳಿಸಲಿಲ್ಲ. ಎರಡನೆಯ ಸಲ ಅವರು ತಾವೇ ಹೊರಳಲು ಹೋಗಿ ಮಂಚದ ಅಂಚಿಗೆ ಬಂದಿದ್ದರು. ಮಾಳಿಗೆ ಅಲ್ಲಿಗೆ ನಿಂತಿತು.

ಒಂದು ಕಡೆ ಮಾತ್ರ ಅವಳು ತನ್ನ ಕೈ ಸೇರಿಸಿದಳು. ‘ಕೃಷ್ಣಾತೀರ’ ಎಡಕ್ಕೆ ಒಂದು ಪೆಟ್ಟಿಗೆ, ‘ಮೆಡಿಕಲ್ಸ್’ ಬಲಕ್ಕೆ ಇನ್ನೊಂದು, ನಡುವೆ ಮೂರೂವರೆ ಅಡಿ ಖಾಲಿ ಗೋಡೆ. ರಾತ್ರಿ ಬೆಳಕು ಹಬ್ಬುವುದರಿಂದ ಎರಡು ಪದಗಳ ನಡುವೆ ಅಗಲವಾದ ಅಂತರ ಬೇಕು, ಇಲ್ಲವಾದರೆ ದೂರಕ್ಕೆ ಒಂದೇ ಪದವಾಗುತ್ತದೆ. ಇದು ನಿಜ. ಆದರೆ ಅದಕ್ಕೆ ಒಂದೂವರೆ ಅಡಿ ಸಾಕಿತ್ತು. ಉಳಿದ ಎರಡು ಅಡಿ ಅವಳದು. ಕಿಟಕಿಯ ಅಗಲ ಮೂರೂವರೆ ಅಡಿ.

ಹೊಳಬಸಪ್ಪ ಬನಹಟ್ಟಿಯಿಂದ ಬಂದ ದಿನ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ರಸಿಕಾ ಚಿಕ್ಕ ಅಳತೆಯ ಮಾದರಿಯನ್ನು ಗೋಡೆಗೆ ಒರಗಿಸಿ, ಮೊದಲು ಬಾಗಿಲ ಬೆಳಕಿನಲ್ಲಿ ತೋರಿಸಿದಳು. ಆಮೇಲೆ ಬಾಗಿಲು ಮುಂದೆ ಮಾಡಿ ಹಿಂದಿನಿಂದ ಮೊಬೈಲಿನ ದೀಪ ಹಿಡಿದಳು. ಶಿವಾಜಿ ಪಡಸಾಲೆಯ ಆ ತುದಿಗೆ ಹೋಗಿ, ಕನ್ನಡಕ ತೆಗೆದು, ಹಾಕಿ, ಎರಡೂ ಸಲ ಗಟ್ಟಿಯಾಗಿ ಓದಿದ. ಅವನಿಗೆ ಒಪ್ಪಿಗೆಯಾಯಿತು. ಹೊಳಬಸಪ್ಪ, ಮೊದಲಿನ ಬೋರ್ಡಿನ ಹೆಸರು ಓದಾಕ ಹುಳಕ್ಕಷ್ಟ ಬರತಿತ್ತು, ಇದು ಮಂದಿಗೂ ಬರತೈತಿ ನೋಡ್ರಿ ಎಂದು ನಗಿಸಿದ. ನಡುವಿನ ಖಾಲಿ ಜಾಗವನ್ನು ಯಾರೂ ಪ್ರಶ್ನಿಸಲಿಲ್ಲ. ರಸಿಕಾ ಮಾದರಿಯನ್ನು ಎತ್ತಿಡಲು ಬಾಗಿದಳು, ಆಗ ಶಿವಾಜಿ ಬೆರಳು ಚಾಚಿದ.

“ಕಾಕಾರ, ಇಲ್ಲಿ ನಡುವ ಇಷ್ಟ ಜಾಗಾ ಖಾಲಿ ಉಳದೈತಲ್ರಿ. ಇಲ್ಲೊಂದ ಹಸರ ಪ್ಲಸ್ ಹಾಕಿದ್ರ? ಸಾಲಿ ಕಲೀಲಾರದವ್ರಿಗೂ ತಿಳೀತೈತಿ.”

ಬಾಬಾ ಭೇಷ್ ಎಂದರು. ಎಲ್ಲರೂ ರಸಿಕಾಳ ಕಡೆ ನೋಡಿದರು. ಬೇಡ ಎನ್ನಲು ಅವಳ ಬಳಿ ಒಂದು ಕಾರಣವೂ ಇರಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಮಗುವನ್ನು ಎದೆಗೊತ್ತಿಕೊಂಡು ಚಲಿಸುವ ಆಟೋದಿಂದ ನೋಡುವವಳಿಗೆ ಹೆಸರಿಗಿಂತ ಮೊದಲು ಕಾಣಬೇಕಾದದ್ದು ಆ ಪ್ಲಸ್ಸೇ. ಅದು ತನ್ನ ತಲೆಗೆ ಮೊದಲೇ ಬಂದಿತ್ತು, ತಾನು ಅದನ್ನು ಬದಿಗೆ ಸರಿಸಿದ್ದೆ ಎಂಬುದೂ ಅವಳಿಗೆ ಗೊತ್ತಿತ್ತು. ಛಲೋ ಆಗ್ತದ ಎಂದಳು.

ಆ ರಾತ್ರಿ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳು, ಕಿಟಕಿ ಇಲ್ಲದಿದ್ದರೆ ಹೊಳಬಸಪ್ಪನ ಕೆಲಸ ಬಿಡಬೇಕಾಗುತ್ತದೆ ಎಂದು. ಕೌಸ್ತುಭ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. ಕೆಟ್ಟವನಲ್ಲ, ಕೇಳಿಸಿಕೊಳ್ಳುತ್ತಾನೆ. ಬಾಬಾ ಮಾತು ಕೊಟ್ಟುಬಿಟ್ಟಿದ್ದಾರೆ ಎಂದ. ಅಡುಗೆಮನೆಯ ಕಿಟಕಿಯ ಬಳಿ ಒಂದು ಮೇಜು ಹಾಕಿಸೋಣ ಎಂದ. ಸ್ವಲ್ಪ ಹೊತ್ತು ಬಿಟ್ಟು, ನಿನಗೂ ಎಷ್ಟಂತ ಕೆಲಸ, ಸ್ವಲ್ಪ ಆರಾಮ ಸಿಕ್ಕೀತು ಎಂದ. ಅವಳು ಸಾರು ಬಡಿಸಿದಳು.

ಗುಡಿಪಾಡ್ವಾಕ್ಕೆ, ಅಂದರೆ ಯುಗಾದಿಗೆ, ಹನ್ನೆರಡು ದಿನ ಇತ್ತು.

ಆ ಮನೆಯ ಗುಡಿ, ಹಬ್ಬದ ಬಾವುಟದ ಕೋಲು, ಆ ಕಿಟಕಿಯಲ್ಲೇ ಏರುತ್ತದೆ. ಬಾಬಾ ಅವರ ಅಜ್ಜ ಮನೆ ಕಟ್ಟಿಸಿದ ವರ್ಷದಿಂದಲೂ ಹಾಗೇ. ಎಣ್ಣೆ ಹಚ್ಚಿದ ಬಿದಿರು, ಅದರ ತುದಿಗೆ ಗುಳೇದಗುಡ್ಡದ ಖಣ, ಬೇವಿನ ಸೊಪ್ಪು, ಸಕ್ಕರೆ ಸರ, ಮೇಲೆ ಬೋರಲು ಹಾಕಿದ ತಾಮ್ರದ ತಂಬಿಗೆ. ಕಿಟಕಿಯ ಕೆಳಗಿನ ಮರದ ಕಟಕಟೆಗೆ ಅದನ್ನು ಕಟ್ಟಿ ರಸ್ತೆಯ ಕಡೆ ವಾಲಿಸುತ್ತಾರೆ. ಬೋರ್ಡಿಗೆ ಒಪ್ಪಿಗೆ ಕೊಟ್ಟ ಬಾಬಾ ಅವರಿಗೆ ಅದು ನೆನಪಾಗಿರಲಿಲ್ಲ. ಇಂದಿರಾಬಾಯಿ ಆಗಲೇ ಹಾಸಿಗೆಯಿಂದ, ಪೆಟ್ಟಿಗೆಯಲ್ಲಿರುವ ಹಸಿರು ಖಣ ತೆಗೆದಿಡು ಎಂದು ಎರಡು ಸಲ ಹೇಳಿದ್ದರು. ರಸಿಕಾಳಿಗೆ ಮೊದಲ ದಿನವೇ ನೆನಪಾಗಿತ್ತು. ದೇವರ ಹೆಸರು ಹೇಳಿ ತನ್ನ ಕಿಟಕಿ ಕೇಳುವುದು ಕದ್ದ ಹಾಗಾಗುತ್ತದೆ ಎಂದು ಸುಮ್ಮನಿದ್ದಳು. ತನ್ನ ಕೆಲಸಕ್ಕಾಗಿ ಕೇಳಿದರೆ ಅಡುಗೆಮನೆಯ ಮೇಜು ಸಿಗುತ್ತದೆ, ಗುಡಿಗಾಗಿ ಕೇಳಿದರೆ ಕಿಟಕಿ ಸಿಗಬಹುದು. ಆ ವ್ಯತ್ಯಾಸವನ್ನು ಅವಳು ಇಡೀ ರಾತ್ರಿ ಬಾಯಲ್ಲಿ ಕಹಿಯಾಗಿ ಇಟ್ಟುಕೊಂಡಿದ್ದು, ಬೆಳಿಗ್ಗೆ ಹೊಳಬಸಪ್ಪ ಪ್ಲಸ್ಸಿನ ಅಳತೆ ಹಿಡಿಯಲು ಬಂದಾಗ ಎಲ್ಲರ ಮುಂದೆ ಕೇಳಿದಳು.

“ಬಾಬಾ, ಈ ಸಲ ಗುಡಿ ಎಲ್ಲಿ ಕಟ್ಟೋದು?”

ಬಾಬಾ ಪೇಪರು ಕೆಳಗಿಟ್ಟರು. ಕಿಟಕಿಯ ಕಡೆ ನೋಡಿದರು, ಅಲ್ಲಿ ತಗಡು ಇತ್ತು. ಶಿವಾಜಿ ಮೆಲ್ಲಗೆ, ಮಾಳಿಗೆ ಮೇಲೆ ಕಟ್ಟಿದರೆ ಇನ್ನೂ ಎತ್ತರ ಆಗುತ್ತದಲ್ಲ ಎಂದ. ಎದುರಿನ ಕೋಣೆಯಿಂದ ಇಂದಿರಾಬಾಯಿಯ ದನಿ ಬಂತು. ಅವರ ಮಂಚ ಬಾಗಿಲಿಗೆ ನೇರ, ಬಾಗಿಲು ಕಿಟಕಿಗೆ ನೇರ.

“ಮಾಳಗಿ ಮ್ಯಾಲ ನನಗ ಕಾಣೂದಿಲ್ಲ. ಗುಡಿ ನನಗ ಕಾಣಬೇಕು.”

ಮಾತು ಕೊಟ್ಟ ಬಾಬಾ ಒಂದು ಕಡೆ, ಹಾಸಿಗೆ ಹಿಡಿದ ಹೆಂಡತಿ ಒಂದು ಕಡೆ. ಅವರ ಮುಖ ನೋಡಿ ರಸಿಕಾಳಿಗೆ ಕನಿಕರವಾಯಿತು. ದಾರಿ ತೋರಿಸಿದವನು ಹೊಳಬಸಪ್ಪ. ಅವನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ಪ್ಲಸ್ಸಿಗೆ ಬಿಜಾಗರಿ ಹಾಕೋಣ ಎಂದ. ಹೆಸರಿನ ಎರಡು ಪೆಟ್ಟಿಗೆ ಆಚೀಚೆ ಗಟ್ಟಿ ನಿಲ್ಲುತ್ತವೆ, ನಡುವೆ ಪ್ಲಸ್ಸಿನ ಆಕಾರಕ್ಕೇ ಕತ್ತರಿಸಿದ ಪೆಟ್ಟಿಗೆ ಕಪಾಟಿನ ಬಾಗಿಲಿನಂತೆ ಹೊರಗೆ ತೆರೆಯುತ್ತದೆ. ಹಬ್ಬದ ದಿನ ತೆರೆದು ಗುಡಿ ಕಟ್ಟುವುದು, ಇಳಿಸಿದ ಮೇಲೆ ಮುಚ್ಚುವುದು. ವರ್ಷಕ್ಕೆ ಒಂದು ದಿನ. ಬಾಬಾ ಅವರ ಭುಜ ಸಡಿಲಾಯಿತು. ಶಿವಾಜಿಗೂ ಒಂದು ದಿನ ಹೆಚ್ಚೆನಿಸಲಿಲ್ಲ.

“ಚಿಲಕಾ ಒಳಗ ಹಚ್ಚಲೋ ಹೊರಗೋ?” ಎಂದು ಹೊಳಬಸಪ್ಪ ಕೇಳಿದ.

ಶಿವಾಜಿ ಹೊರಗೆ ಎಂದ. ಗಾಳಿಗೆ, ಗುಬ್ಬಿಗೆ ಅದು ತೆರೆದುಕೊಳ್ಳಬಾರದು, ಬೇಕಾದ ದಿನ ನಿಚ್ಚಣಿಕೆ ಹಾಕಿ ತಾನೇ ತೆಗೆಸಿಕೊಡುತ್ತೇನೆ ಎಂದ. ಬಾಬಾ ಹೂಂ ಎನ್ನಲು ಬಾಯಿ ತೆರೆದರು.

“ಒಳಗ” ಎಂದಳು ರಸಿಕಾ.

ಎಲ್ಲರೂ ತಿರುಗಿದರು. ಆ ಮನೆಗೆ ಬಂದ ಮೇಲೆ ಮಾವ ಮಾತು ಮುಗಿಸುವ ಮುನ್ನ ಅವಳು ಬಾಯಿ ಹಾಕಿದ್ದು ಇದೇ ಮೊದಲು. ಕೈಯಲ್ಲಿದ್ದ ಬಣ್ಣದ ಕಾರ್ಡು ಬೆವರಿಗೆ ಒದ್ದೆಯಾಗಿತ್ತು. ಹುಳಾ ಸಿಕ್ಕಂಡ್ರ ಸ್ವಚ್ಛ ಮಾಡ್ಲಿಕ್ಕೆ ಬೇಕಾಗ್ತದ ಎಂದು ನೆಲ ನೋಡುತ್ತ ಸೇರಿಸಿದಳು. ಹೊಳಬಸಪ್ಪ ಒಂದು ಕ್ಷಣ ಅವಳನ್ನು ನೋಡಿದ, ಒಂಬತ್ತು ವರ್ಷ ಅವಳ ಅಕ್ಷರ ನೋಡಿದವನು.

“ಖರೇ ಐತ್ರಿ. ಹೊರಗಿನ ಚಿಲಕಾ ಒಂದ ಮಳಿಗಾಲಕ್ಕ ತುಕ್ಕ ಹಿಡೀತೈತಿ. ಒಳಗ ಇರಲಿ.”

ಪಾಡ್ವಾಕ್ಕೆ ಎರಡು ದಿನ ಇರುವಾಗ ಹೊಸ ಬೋರ್ಡು ಏರಿತು. ಸಂಜೆ ಕೌಸ್ತುಭ ಬೇಗ ಬಂದು, ತಾನು ಆಯಿಯ ಬಳಿ ಇರುತ್ತೇನೆ, ನೋಡಿಕೊಂಡು ಬಾ ಎಂದು ಕಳಿಸಿದ. ರಸಿಕಾ ಸರ್ಕಲ್ಲಿನವರೆಗೆ ನಡೆದು ಹೋಗಿ ತಿರುಗಿ ನಿಂತಳು. ಕಡುಹಸಿರು ಕತ್ತಲಿಗೆ ಸೇರಿಹೋಗಿತ್ತು, ಅಕ್ಷರಗಳು ಒಂದೊಂದೂ ಬಿಡಿಬಿಡಿಯಾಗಿ, ಹೊಟ್ಟೆ ತೆರೆದುಕೊಂಡು ನಿಂತಿದ್ದವು. ‘ಷ್ಣಾ’ದ ಒತ್ತು ತನ್ನ ಜಾಗದಲ್ಲಿತ್ತು. ನಡುವೆ ಹಸಿರು ಪ್ಲಸ್ಸು, ಯಾರೂ ತಪ್ಪುವಂತಿಲ್ಲ. ಬಸ್ಸಿಳಿದ ಒಬ್ಬನಿಗೆ ಆಟೋದವನು ಕೂತಲ್ಲಿಂದಲೇ ಕೈ ಮಾಡಿ ತೋರಿಸುತ್ತಿದ್ದ. ಅವಳು ತನ್ನ ಒಂಬತ್ತು ವರ್ಷದ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯದನ್ನು ಮಾಡಿರಲಿಲ್ಲ. ಆ ಬೋರ್ಡಿನ ಹಿಂದೆ ಒಂದು ಕಿಟಕಿ ಇದೆ, ಕಿಟಕಿಯ ಹಿಂದೆ ಒಂದು ಮೇಜು ಇದೆ ಎಂದು ಅಲ್ಲಿ ನಿಂತ ಯಾರಿಗೂ ತಿಳಿಯುವಂತಿರಲಿಲ್ಲ. ಬೋರ್ಡು ಅಷ್ಟು ಚೆನ್ನಾಗಿತ್ತು.

ಹಬ್ಬದ ಬೆಳಿಗ್ಗೆ ಅವಳು ಚಿಲಕ ಸರಿಸಿ ಪ್ಲಸ್ಸನ್ನು ಹೊರಗೆ ತಳ್ಳಿದಳು. ಬಿಸಿಲು ಒಳಗೆ ಬಂದು ಮೇಜಿನ ಮೇಲೆ, ಕುರ್ಚಿಯ ಮೇಲೆ, ಬಾಗಿಲು ದಾಟಿ ಆಯಿಯ ಹೊದಿಕೆಯ ತುದಿಯ ಮೇಲೆ ಬಿತ್ತು. ಬಾಬಾ ಗುಡಿ ಕಟ್ಟಿದರು. ಇಂದಿರಾಬಾಯಿ ಮಲಗಿದಲ್ಲಿಂದಲೇ ಕೈ ಮುಗಿದು ಬೇವು ಬೆಲ್ಲ ತಿಂದರು. ಹಬ್ಬದ ಅಡುಗೆಯ ನಡುವೆ ರಸಿಕಾ ಎರಡು ಸಲ ಬಂದು, ಹೊಳಬಸಪ್ಪನ ಮುಂದಿನ ಬೋರ್ಡಿನ ಮೂರು ಕಾರ್ಡುಗಳನ್ನು ಬಿಸಿಲಿಗೆ ಹಿಡಿದು ಗುರುತು ಹಾಕಿಕೊಂಡಳು. ಸೂರ್ಯ ಮುಳುಗುವ ಮುನ್ನ ಗುಡಿ ಇಳಿಯಿತು. ಇನ್ನ ಮುಚ್ಚು ಮಗಾ ಎಂದು ಬಾಬಾ ಪ್ರೀತಿಯಿಂದಲೇ ಹೇಳಿದರು. ಮುಚ್ಚಿದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕೌಸ್ತುಭ ಬನಹಟ್ಟಿಗೆ ಹೋಗಿದ್ದ, ಬಾಬಾ ಪೋಸ್ಟ್ ಆಫೀಸಿಗೆ ಹೋಗಿದ್ದರು, ಆಯಿ ನಿದ್ದೆ ಹೋಗಿದ್ದರು. ರಸಿಕಾ ಚಿಲಕ ಸರಿಸಿದಳು. ಬಿಜಾಗರಿ ಸದ್ದು ಮಾಡಲಿಲ್ಲ, ಹೊಳಬಸಪ್ಪ ಎಣ್ಣೆ ಬಿಟ್ಟಿದ್ದ. ಹಗಲು ಪ್ಲಸ್ಸಿಗೆ ದೀಪ ಇರುವುದಿಲ್ಲ, ಯಾರಿಗೆ ಏನು ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಕಾರ್ಡುಗಳನ್ನು ಹರವಿ ಕುಳಿತಳು. ಒಂದೊಂದು ಬಣ್ಣವೂ ತನ್ನ ನಿಜದ ಹೆಸರು ಹೇಳತೊಡಗಿತು. ಅರ್ಧ ತಾಸು ಅವಳಿಗೆ ಬೇರೇನೂ ಕೇಳಿಸಲಿಲ್ಲ.

ಆಮೇಲೆ ಎದುರಿನ ಶಂಕ್ರೆವ್ವ ಯಾರಿಗೋ ಜೋರಾಗಿ ಹೇಳುವುದು ಕೇಳಿಸಿತು. ಒಬ್ಬ ಮುದುಕಿ ಹೂವಿನ ಬುಟ್ಟಿಯ ಪಕ್ಕ ನಿಂತು, ಔಷಧಿ ಚೀಟಿಯನ್ನು ಅಂಗೈಯಲ್ಲಿ ಮಡಚಿ ಹಿಡಿದು, ಗೋಡೆಗಳ ಮೇಲೆಲ್ಲ ಕಣ್ಣಾಡಿಸುತ್ತಿದ್ದಳು. ತುಬಚಿಯ ಸಾತವ್ವ ಅವಳು. ಶಂಕ್ರೆವ್ವ ಕೂಗಿ ಮಾತಾಡಿಸುತ್ತಿದ್ದ ರೀತಿಯಲ್ಲೇ ಗೊತ್ತಾಯಿತು, ಮುದುಕಿಯ ಕಿವಿ ಮಂದ. ಹಸರ ಕೂಡಚಿನ್ನಿ ಇದ್ದಲ್ಲಿ ಔಷಧ ಸಿಗತೈತಿ ಅಂದಾನ ನನ ಮಗಾ ಎನ್ನುತ್ತಿದ್ದಳು, ಪ್ಲಸ್ಸಿಗೆ ಅವಳ ಹೆಸರು ಅದು. ಶಂಕ್ರೆವ್ವ ಬೆರಳು ಮಾಡಿ ತೋರಿಸಿದಳು. ಸಾತವ್ವ ಬೆರಳಿನ ಕಡೆ ನೋಡಿದಳು. ಅಲ್ಲಿ ಅವಳಿಗೆ ಓದಲು ಬಾರದ ಬಿಳಿ ಅಕ್ಷರಗಳು, ನಡುವೆ ಒಂದು ತೆರೆದ ಕಿಟಕಿ, ಕಿಟಕಿಯಲ್ಲಿ ಒಬ್ಬ ಹೆಂಗಸು. ತೆರೆದ ಪ್ಲಸ್ಸು ರಸ್ತೆಗೆ ತನ್ನ ತೆಳ್ಳಗಿನ ಅಂಚನ್ನು ಮಾತ್ರ ತೋರಿಸುತ್ತಿತ್ತು. ಅದು ಯಾರದೋ ಮನೆ ಎಂದುಕೊಂಡ ಸಾತವ್ವ ತಲೆಯಲ್ಲಾಡಿಸಿ ಮುಂದೆ ನಡೆದಳು.

ರಸಿಕಾ ಎದ್ದು ನಿಂತು, ಅವ್ವಾ, ಇಲ್ಲೇ ಅದ ಎಂದು ಕರೆದಳು. ಆ ಹೊತ್ತಿಗೆ ಹಾಡು ಹಾಕಿಕೊಂಡ ಟ್ರ್ಯಾಕ್ಟರೊಂದು ಹಿಪ್ಪರಗಿಯ ಕಬ್ಬು ಹೇರಿಕೊಂಡು ಬಂತು. ಅದರ ಹಿಂದಿನ ಎರಡು ಟ್ರೇಲರ್ ಡಬ್ಬಿಗಳೂ ದಾಟುವವರೆಗೆ ಮುದುಕಿ ಕಾಣಲೇ ಇಲ್ಲ. ಕಂಡಾಗ ಅವಳು ಸರ್ಕಲ್ಲಿನ ಕಡೆ ಹತ್ತು ಹೆಜ್ಜೆ ಹೋಗಿದ್ದಳು, ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತ ಇನ್ನೊಮ್ಮೆ ಹಿಂದೆ ನೋಡಿದಳು.

ರಸಿಕಾ ಕೈ ಚಾಚಿ ಪ್ಲಸ್ಸನ್ನು ತನ್ನ ಕಡೆ ಎಳೆದುಕೊಂಡಳು.

ಕೋಣೆ ಕತ್ತಲಾಯಿತು. ಪ್ಲಸ್ಸಿನ ತೋಳುಗಳು ಮುಟ್ಟದ ನಾಲ್ಕು ಮೂಲೆಗಳಲ್ಲಿ ರಸ್ತೆ ನಾಲ್ಕು ತುಂಡಾಗಿ ಕಾಣುತ್ತಿತ್ತು. ಕೆಳಗಿನ ಎಡ ತುಂಡಿನಲ್ಲಿ ಸಾತವ್ವ ನಿಂತಿದ್ದಳು. ಅವಳು ಕೈಯನ್ನು ಹಣೆಗೆ ಹಿಡಿದು ನೋಡಿದಳು, ಚೀಟಿಯನ್ನು ನೋಡಿದಳು, ರಸ್ತೆ ದಾಟಿ ನೇರ ಬಂದಳು. ಪ್ಲಸ್ಸಿನ ಕಾಲಿನ ಹಿಂದೆ ಮರೆಯಾಗಿ, ಬಲ ತುಂಡಿನಲ್ಲಿ ಕಾಣಿಸಿಕೊಂಡು, ಅಂಗಡಿಯ ತಗಡಿನ ಮಾಡಿನ ಕೆಳಗೆ ಬಂದಳು. ಕಾಲುಮಣೆ ಎಳೆದ ಸದ್ದಾಯಿತು.

ರಸಿಕಾ ಚಿಲಕದ ಮೇಲೆ ಕೈ ಇಟ್ಟಳು. ಒಳಗಿನ ಚಿಲಕ. ತಾನೇ ಕೇಳಿ ಹಾಕಿಸಿಕೊಂಡದ್ದು. ಅದನ್ನು ಹಾಕಿದಳು.

ಒಳಗೆ ಆಯಿಗೆ ಎಚ್ಚರವಾಗಿ, ಮೋಡ ಕವಿದದೇನು ಎಂದು ಕೇಳಿದರು. ಇಲ್ಲ ಆಯಿ ಎಂದಳು. ಮೇಜಿನ ಮೇಲೆ ಕೆಳಗಿನ ಎಡ ಮೂಲೆಯಿಂದ ಅಂಗೈಯಗಲದ ಬಿಸಿಲು ಬಿದ್ದಿತ್ತು. ಅವಳು ಕುರ್ಚಿಯನ್ನು ಅದರ ಹತ್ತಿರ ಎಳೆದುಕೊಂಡು, ಕೆಂಪೋ ಇಟ್ಟಂಗಿಯೋ ತಿಳಿಯದ ಕಾರ್ಡೊಂದನ್ನು ಅದರಲ್ಲಿ ಹಿಡಿದಳು. ಬಿಸಿಲು ಸರಿಯುತ್ತಿತ್ತು. ಕಾರ್ಡನ್ನೂ ಅದರ ಜೊತೆ ಮೆಲ್ಲಗೆ ಸರಿಸುತ್ತ ಹೋದಳು.